ಪಂಚಾಯ್ತಿಗೆ ಬಂದ ತಂತಿ ಮನೆಗೇಕೆ ಬರಲಿಲ್ಲ?

ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಯ ಕನ್ನಡ ತರುಣರೇ, ನಿಮ್ಮ ಮೊಬೈಲಿಗೆ ಕಣ್ಣು ಮಿಟುಕಿಸುವುದರೊಳಗೆ ಸಿನಿಮಾ ಇಳಿಯುತ್ತದೆ. ಕಾಗವಾಡ ತಾಲ್ಲೂಕಿನ ಗಡಿ ಊರು, ಮಲ್ಲಯ್ಯನ ಮಂಗಸೂಳಿಯಲ್ಲಿ ಜಾತ್ರೆಯ ಕರಪತ್ರದ ಒಂದು ಪುಟ ಕಳಿಸಲು ನಾನು ಪ್ರೆಸ್ಸಿನ ಮಾಳಿಗೆ ಹತ್ತಬೇಕಾಯಿತು. ಅಲ್ಲಿ ಸಿಕ್ಕಿದ್ದು ಗಡಿಯಾಚೆಯ ಟವರು, ಮರಾಠಿ ಸ್ವಾಗತ! ಪುಟ ಮಾತ್ರ ಹೋಗಲಿಲ್ಲ. ಪೆನ್‌ಡ್ರೈವ್ ಜೇಬಿಗಿಳಿಸಿ ಮಿರಜಿನ ಬಸ್ಸು ಹತ್ತಿದೆ. ಕನ್ನಡದ ಕರಪತ್ರ ಕಳಿಸಲು ಕರ್ನಾಟಕ ದಾಟಬೇಕೆ?

ಸರ್ಕಾರದಲ್ಲಿ ಹಣವಿಲ್ಲವೇ? ಇದೆ! ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿದ್ದು 2011ರ ಅಕ್ಟೋಬರಿನಲ್ಲಿ. ಅಂದಾಜು 20,000 ಕೋಟಿ ರೂಪಾಯಿ, ಗಡುವು ಎರಡೇ ವರ್ಷ. 2015ರಲ್ಲಿ ಭಾರತ್‌ನೆಟ್ ಎಂದು ಹೆಸರು ಬದಲಾಯಿತು, ಗತಿ ಬದಲಾಗಲಿಲ್ಲ. ಮೊದಲ ಒಂದು ಲಕ್ಷ ಪಂಚಾಯ್ತಿ ಮುಗಿಯುವಾಗ 2017ರ ಡಿಸೆಂಬರ್! 2023ರ ಆಗಸ್ಟಿನಲ್ಲಿ ಮತ್ತೆ 1,39,579 ಕೋಟಿ ಮಂಜೂರಾಯಿತು. ಇದು ಯಾರಪ್ಪನ ಗಂಟೂ ಅಲ್ಲ. ದೂರವಾಣಿ ಕಂಪನಿಗಳು ತಮ್ಮ ಆದಾಯದ ಶೇಕಡಾ 5ರಷ್ಟನ್ನು ಈ ನಿಧಿಗೆ ಕಟ್ಟುತ್ತವೆ. ಆ ಆದಾಯವೆಂದರೆ ನನ್ನ, ನಿಮ್ಮ ರೀಚಾರ್ಜ್!

ತಪ್ಪಿದ್ದೆಲ್ಲಿ? ತಂತಿಯನ್ನು ಪಂಚಾಯ್ತಿ ಕಚೇರಿಗೆ ಮುಟ್ಟಿಸಿದರೆ ಕೆಲಸ ಮುಗಿಯಿತು ಎಂದುಕೊಂಡದ್ದರಲ್ಲಿ. ಅಲ್ಲಿಂದ ಶಾಲೆಗೆ, ಮನೆಗೆ ಎಳೆಯುವವರು ಯಾರು? ರಸ್ತೆ ಅಗೆದಾಗ ತುಂಡಾದರೆ ಜೋಡಿಸುವವರು ಯಾರು? ಮೊಳೆ ಜೋಡಿಸಿ, ಮಸಿ ಬಳಿದು, ಕಾಗದವನ್ನೇ ಹಾಕದೆ ಯಂತ್ರ ತಿರುಗಿಸಿದ ಹಾಗಾಯಿತು!

ಹೊಸ ಯೋಜನೆ ಈ ತಪ್ಪು ತಿದ್ದುವ ಮಾತಾಡುತ್ತದೆ. ತಂತಿಯನ್ನು ಉಂಗುರದಂತೆ ಎಳೆಯುತ್ತಾರೆ. ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಹರಿಯುತ್ತದೆ. ಹತ್ತು ವರ್ಷದ ನಿರ್ವಹಣೆಯೂ ಲೆಕ್ಕದಲ್ಲಿದೆ. ಪಂಚಾಯ್ತಿ ಕೇಂದ್ರವಲ್ಲದ ಹಳ್ಳಿಗಳಿಗೂ ತಂತಿ ಉಂಟು, ಆದರೆ ಬೇಡಿಕೆ ಇದ್ದರೆ ಮಾತ್ರ! ಕೇಳದ ಕನ್ನಡಿಗನಿಗೆ ಸಿಕ್ಕಿದ್ದು ಏನಿದೆ?

ಆದ್ದರಿಂದ ತರುಣರೇ, ಹಬ್ಬಕ್ಕೆ ಊರಿಗೆ ಹೋದಾಗ ಹೋಳಿಗೆ ತಿಂದು ಬಸ್ಸು ಹತ್ತಬೇಡಿ. ಗ್ರಾಮಸಭೆಗೆ ಹೋಗಿ. ಕಚೇರಿಯ ತಂತಿಗೆ ಜೀವವಿದೆಯೇ? ಶಾಲೆಗೆ, ಅರಿವು ಕೇಂದ್ರಕ್ಕೆ ಸಂಪರ್ಕವಿದೆಯೇ? ಅರ್ಜಿ, ಬಿಲ್ಲು, ದೂರಿನ ದನಿ ಕನ್ನಡದಲ್ಲಿವೆಯೇ? ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕನ್ನಡದಲ್ಲೇ ಅರ್ಜಿ ಹಾಕಿ. ಬೇಡಿಕೆಯನ್ನು ಠರಾವು ಪುಸ್ತಕದಲ್ಲಿ ಬರೆಸಿ, ನಕಲು ಪಡೆಯಿರಿ.

ಗಡಿ ಉಳಿಯುವುದು ಬರೀ ಭಾಷಣದಿಂದಲ್ಲ. ಓದಲು, ದುಡಿಯಲು ಬೇಕಾದ ಸೌಲಭ್ಯ ತನ್ನ ಊರಲ್ಲೇ, ತನ್ನ ನುಡಿಯಲ್ಲೇ ಸಿಕ್ಕರೆ ಗಡಿಯ ಹುಡುಗ ಮಿರಜಿನ ಬಸ್ಸಿಗೆ ಕಾಯುವುದಿಲ್ಲ. ನೀವು ಬೇಡಿಕೆ ಬರೆದು ತನ್ನಿ. ಕರಪತ್ರ ನಾನು ಪುಕ್ಕಟೆ ಮುದ್ರಿಸಿಕೊಡುತ್ತೇನೆ!