ಸೊಳ್ಳೆ ನಿಯಂತ್ರಣದ ಮೀನುಗಳು ಮತ್ತು ನಮ್ಮ ತೊರೆಗಳ ಪಟ್ಟೆ ಪ್ಯಾಂಚಾಕ್ಸ್

ಸೊಳ್ಳೆಗಳ ನಿಯಂತ್ರಣಕ್ಕಾಗಿ ಬಾವಿ, ತೊಟ್ಟಿ ಹಾಗೂ ಹೊಂಡಗಳಿಗೆ ಬಿಡಲು ಲಾರ್ವಾಹಾರಿ ಮೀನುಗಳನ್ನು ಸಾರ್ವಜನಿಕರು ಕೋರುವುದುಂಟು. ಈ ಉದ್ದೇಶಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಗಪ್ಪಿ ಮತ್ತು ಗ್ಯಾಂಬೂಸಿಯಾ ಮೀನುಗಳೆರಡೂ ಈ ದೇಶದವಲ್ಲ. ಗಪ್ಪಿಯ ಮೂಲ ದಕ್ಷಿಣ ಅಮೆರಿಕದ ಉತ್ತರ ಭಾಗ. ಉತ್ತರ ಅಮೆರಿಕ ಮೂಲದ ಗ್ಯಾಂಬೂಸಿಯಾವನ್ನು 1928ರಲ್ಲಿ ಭಾರತಕ್ಕೆ ತರಲಾಯಿತು. ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರವು ಇವೆರಡನ್ನೂ ಆಕ್ರಮಣಕಾರಿ ಅನ್ಯದೇಶೀಯ ಪ್ರಭೇದಗಳೆಂದು ಗುರುತಿಸಿದೆ. ಇವುಗಳ ಬಳಕೆಯನ್ನು ಪ್ರಶ್ನಿಸಿದ ಅರ್ಜಿಯ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2025ರ ಜನವರಿಯಲ್ಲಿ ಕೇಂದ್ರದ ಪ್ರತಿಕ್ರಿಯೆ ಕೇಳಿತು. ಒಂದೇ ಮೀನು ಒಂದು ಕಡತದಲ್ಲಿ ಮದ್ದಾಗಿಯೂ ಇನ್ನೊಂದು ಕಡತದಲ್ಲಿ ಕಳೆಯಾಗಿಯೂ ನಮೂದಾಗಿರುವುದು ವಿಚಿತ್ರವೇ ಸರಿ.

ಈ ಚರ್ಚೆಯಲ್ಲಿ ಹೆಚ್ಚಾಗಿ ಮರೆತುಹೋಗುವುದು ಇಲ್ಲಿಯದೇ ಆದ ಒಂದು ಕಿರುಮೀನು. ಕಿಲ್ಲಿಮೀನುಗಳ ಗುಂಪಿಗೆ ಸೇರಿದ ಪಟ್ಟೆ ಪ್ಯಾಂಚಾಕ್ಸ್ (ಅಪ್ಲೋಕೈಲಸ್ ಲಿನಿಯೇಟಸ್) ದಕ್ಷಿಣ ಭಾರತದ ನಿವಾಸಿ. ಪಶ್ಚಿಮ ಘಟ್ಟದ ತೊರೆಗಳ ನಿಧಾನಗತಿಯ ಅಂಚು, ಗದ್ದೆ, ಕೆರೆ, ಜೌಗು ಹಾಗೂ ಕರಾವಳಿಯ ಸವಳು ನೀರಿನಲ್ಲಿಯೂ ಇದು ಬದುಕಬಲ್ಲದು. ಉದ್ದ ಸಾಮಾನ್ಯವಾಗಿ ಬೆರಳಿನಷ್ಟು. ಹೆಚ್ಚೆಂದರೆ 10 ಸೆಂ.ಮೀ. ಗಂಡಿನ ಮೈಮೇಲೆ ಹೊಂಬಣ್ಣದ ಚುಕ್ಕೆಗಳು ಸಾಲುಗಟ್ಟಿರುತ್ತವೆ. ಹೆಣ್ಣಿನಲ್ಲಿ ಕಪ್ಪು ಅಡ್ಡಪಟ್ಟೆಗಳು ಎದ್ದು ಕಾಣುತ್ತವೆ. ಚಪ್ಪಟೆ ನೆತ್ತಿ ಮತ್ತು ಮೇಲ್ಮುಖವಾದ ಬಾಯಿ ಇರುವುದರಿಂದ ಇದು ನೀರಿನ ಮೇಲ್ಪದರದಲ್ಲಿಯೇ ಬೇಟೆಯಾಡುತ್ತದೆ. ಸೊಳ್ಳೆಯ ಮರಿಗಳು ಉಸಿರಾಟಕ್ಕೆ ಬರುವುದೂ ಅಲ್ಲಿಗೇ. ನೆರೆಯ ಕೇರಳದಲ್ಲಿ ಈ ಬಗೆಯ ಮೀನಿಗೆ ‘ಮಾನತ್ತುಕಣ್ಣಿ’, ಅಂದರೆ ಆಕಾಶದತ್ತ ಕಣ್ಣಿಟ್ಟದ್ದು ಎಂಬ ಹೆಸರಿದೆ.

ಇದರ ದೌರ್ಬಲ್ಯ ಸಂತಾನೋತ್ಪತ್ತಿಯಲ್ಲಿದೆ. ಹೆಣ್ಣು ಮೀನು ದಿನಕ್ಕೆ ಕೆಲವೇ ಮೊಟ್ಟೆಗಳಂತೆ ಜಲಸಸ್ಯಗಳ ಎಲೆ, ಬೇರುಗಳಿಗೆ ಅಂಟಿಸುತ್ತದೆ. ಮರಿ ಹೊರಬರಲು ಸುಮಾರು ಎರಡು ವಾರ ಬೇಕು. ಗ್ಯಾಂಬೂಸಿಯಾವಾದರೋ ಮೊಟ್ಟೆಯಿಡದೆ ನೇರವಾಗಿ ಮರಿಗಳನ್ನೇ ಹಾಕುತ್ತದೆ. ಅದು ಸಣ್ಣ ಮೀನುಗಳ ರೆಕ್ಕೆಗಳನ್ನು ಕಚ್ಚುತ್ತದೆ. ಇತರ ಮೀನುಗಳ ಮೊಟ್ಟೆ, ಮರಿ ಹಾಗೂ ಗೊದಮೊಟ್ಟೆಗಳನ್ನೂ ತಿನ್ನುತ್ತದೆ. ತೊರೆಯನ್ನು ಒಮ್ಮೆ ಸೇರಿದ ಬಳಿಕ ಅದನ್ನು ತೆಗೆದುಹಾಕುವುದು ಬಹುತೇಕ ಅಸಾಧ್ಯ. ಪಟ್ಟೆ ಪ್ಯಾಂಚಾಕ್ಸ್ ಇಂದು ಅಳಿವಿನಂಚಿನ ಪ್ರಭೇದವಲ್ಲವೆಂಬುದು ನಿಜ. ಆದರೆ ಒಂದು ಹಳ್ಳದಲ್ಲಿ ಅದು ಇಲ್ಲವಾದರೆ ಆ ಹಳ್ಳದ ಮಟ್ಟಿಗೆ ಅದು ನಷ್ಟವೇ. ಬಸಿಗಾಲುವೆಗಳಿಗೆ ಕಾಂಕ್ರೀಟ್ ಹಾಕುವುದರಿಂದಲೂ ಮೊಟ್ಟೆ ಅಂಟಿಸುವ ಸಸ್ಯಗಳು ನಾಶವಾಗುತ್ತವೆ.

ವಿದೇಶಿ ಮೀನುಗಳಿಂದ ಪ್ರಯೋಜನವೇ ಇಲ್ಲವೆಂದು ಹೇಳಲಾಗದು. ಬಾವಿ, ತೊಟ್ಟಿಗಳಲ್ಲಿ ಲಾರ್ವಾಗಳ ಸಂಖ್ಯೆಯನ್ನು ಅವು ತಗ್ಗಿಸಬಲ್ಲವು. ಆದರೆ ಲಾರ್ವಾಹಾರಿ ಮೀನುಗಳಿಂದ ಮಲೇರಿಯಾ ಪ್ರಕರಣಗಳು ಇಳಿಯುತ್ತವೆಂಬುದಕ್ಕೆ ವಿಶ್ವಾಸಾರ್ಹ ಪುರಾವೆ ಸಾಲದೆಂದು 2017ರಲ್ಲಿ ಪರಿಷ್ಕೃತವಾದ ಕೊಕ್ರೇನ್ ವಿಮರ್ಶೆಯು ತಿಳಿಸಿದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಯು ತೆಂಗಿನ ಚಿಪ್ಪು, ಹಳೆಯ ಟಯರು, ಹೂಕುಂಡದ ತಟ್ಟೆಗಳಲ್ಲಿಯೂ ಬೆಳೆಯುತ್ತದೆ. ಅಲ್ಲಿ ಯಾವ ಮೀನೂ ಉಪಯೋಗಕ್ಕೆ ಬಾರದು. ವಾರಕ್ಕೊಮ್ಮೆ ನೀರು ಚೆಲ್ಲಿ ಒಣಗಿಸುವುದೊಂದೇ ದಾರಿ.

ಮೀನು ಕೋರುವವರು ತಮ್ಮ ಜಲಮೂಲವು ಯಾವ ಬಗೆಯದೆಂಬುದನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ತಿಳಿಸುವುದು ಒಳಿತು. ಕೆರೆ, ಹಳ್ಳ, ಗದ್ದೆಗಳೊಡನೆ ಸಂಪರ್ಕವಿರುವ ನೀರಿಗೆ ಗಪ್ಪಿ, ಗ್ಯಾಂಬೂಸಿಯಾಗಳನ್ನು ಬಿಡಬಾರದು. ಅಂತಹ ನೀರಿನಲ್ಲಿ ಪ್ಯಾಂಚಾಕ್ಸ್ ಈಗಾಗಲೇ ಇದ್ದರೆ ಹೊರಗಿನ ಮೀನಿನ ಅಗತ್ಯವೇ ಇಲ್ಲ. ದಡದ ಸಸ್ಯಗಳನ್ನು ಉಳಿಸಿ, ಕೀಟನಾಶಕ ಸೇರದಂತೆ ನೋಡಿಕೊಂಡರೆ ಸಾಕು. ಇದನ್ನು ಹಿಡಿದು ತಂದು ತೆರೆದ ತೊಟ್ಟಿಯಲ್ಲಿ ಬಿಟ್ಟರೆ ಹೊರಗೆ ಹಾರಿ ಸಾಯುವ ಸಂಭವವಿದೆ. ಗಪ್ಪಿ ಸಾಕಿರುವ ತೊಟ್ಟಿಗಳನ್ನು ತೊಳೆಯುವಾಗ ನೀರನ್ನು ಚರಂಡಿಗಾಗಲಿ ಕಾಲುವೆಗಾಗಲಿ ಹರಿಸದೆ, ಒಣ ನೆಲದ ಮೇಲೆ ಚೆಲ್ಲತಕ್ಕದ್ದು.