ಮೊದಲ ಸಲ ಸಮುದಾಯ ಸೇವೆ, ಎರಡನೇ ಸಲ ಜೈಲು: ಲೆಕ್ಕ ಇಡೋರು ಯಾರು?

ಸಂತೆ ದಿನ ಕಿರಾಣಿ ಅಂಗಡಿ ಮುಂದಿಟ್ಟಿದ್ದ ಎಣ್ಣೆ ಡಬ್ಬ ಮಾಯವಾಗುತ್ತೆ. ಕದ್ದವನು ಸಿಕ್ಕಿಬೀಳುತ್ತಾನೆ. ನಾಲ್ಕು ಜನ ಸೇರುತ್ತಾರೆ, ಎರಡೇಟು ಬೀಳುತ್ತೆ, ಡಬ್ಬ ವಾಪಸ್ ಬರುತ್ತೆ. 'ಹೋಗ್ಲಿ ಬಿಡಿ, ಸ್ಟೇಷನ್ನು ಕೋರ್ಟು ಅಂತ ಯಾರು ಅಲೀತಾರೆ' ಅಂತ ಅಲ್ಲಿಗೇ ಮುಗಿಸುತ್ತಾರೆ. ಮುಂದಿನ ವಾರ ಅದೇ ಮನುಷ್ಯ ಪಕ್ಕದ ಊರಿನ ಸಂತೆಯಲ್ಲಿರುತ್ತಾನೆ. ಯಾವ ತಾಲ್ಲೂಕಿನ ವ್ಯಾಪಾರಿಗೂ ಇದು ಹೊಸ ಕಥೆಯಲ್ಲ.

ಇಂಥ ಸಣ್ಣ ಕಳ್ಳತನಕ್ಕೆ ಈಗ ಕಾನೂನು ಬದಲಾಗಿದೆ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಬಂದಿದೆ. ಅದರ ಸೆಕ್ಷನ್ 303(2)ರ ಪ್ರಕಾರ, ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಅಪರಾಧಿಗೆ ಅದು ಮೊದಲ ಶಿಕ್ಷೆಯಾಗಿದ್ದು, ಮಾಲು ಅಥವಾ ಅದರ ಬೆಲೆ ವಾಪಸ್ ಕೊಟ್ಟರೆ ಜೈಲಿಲ್ಲ. ಶಿಕ್ಷೆ ಅಂದರೆ 'ಸಮುದಾಯ ಸೇವೆ'. ಊರಿಗೆ ಉಪಯೋಗವಾಗುವ ಕೆಲಸವನ್ನು ಸಂಬಳವಿಲ್ಲದೆ ಮಾಡಬೇಕು.

'ಕದ್ದವನಿಗೆ ಕಸ ಗುಡಿಸೋ ಶಿಕ್ಷೆ ಸಾಕಾ?' ಅನ್ನೋದು ಅಂಗಡಿಯವರ ಮೊದಲ ಪ್ರಶ್ನೆ. ಕೇಳೋದು ಸಹಜವೇ. ಆದರೆ ಶಿಕ್ಷೆ ಹಗುರ ಅನ್ನೋದು ಇಲ್ಲಿ ದೊಡ್ಡ ತೊಂದರೆ ಅಲ್ಲ. ಆ ಶಿಕ್ಷೆ ನಡೆಯಿತೋ ಇಲ್ಲವೋ, ಅದೇ ಮನುಷ್ಯ ಮತ್ತೆ ಕದ್ದನೋ ಅಂತ ಲೆಕ್ಕ ಇಡುವ ವ್ಯವಸ್ಥೆ ಕಾನೂನಿನಲ್ಲಿ ಸರಿಯಾಗಿ ಇಲ್ಲದಿರುವುದೇ ದೊಡ್ಡ ತೊಂದರೆ.

ಯಾವ ತಪ್ಪಿಗೆ ಸಮುದಾಯ ಸೇವೆ?

ಹೊಸ ಕಾನೂನಿನಲ್ಲಿ ಆರು ಅಪರಾಧಗಳಿಗೆ ಮಾತ್ರ ಈ ಶಿಕ್ಷೆ ಇದೆ. ಸಣ್ಣ ಕಳ್ಳತನ, ಕುಡಿದು ಸಾರ್ವಜನಿಕ ಜಾಗದಲ್ಲಿ ಗಲಾಟೆ, ಮಾನಹಾನಿ, ಸರ್ಕಾರಿ ನೌಕರ ಕಾನೂನು ಮೀರಿ ವ್ಯಾಪಾರ ಮಾಡುವುದು, ಕೋರ್ಟ್ ಘೋಷಣೆ ಹೊರಡಿಸಿದರೂ ಹಾಜರಾಗದಿರುವುದು, ಅಧಿಕಾರಿಯ ಕೈ ಕಟ್ಟಿಹಾಕಲು ಆತ್ಮಹತ್ಯೆಗೆ ಯತ್ನಿಸುವುದು. ಇವುಗಳಲ್ಲಿ ತಾಲ್ಲೂಕಿನ ಪೇಟೆಗೆ ನೇರವಾಗಿ ತಟ್ಟುವುದು ಮೊದಲ ಎರಡು.

ಹಾಗಂತ ಎಲ್ಲ ಕಳ್ಳತನಕ್ಕೂ ಈ ರಿಯಾಯಿತಿ ಇಲ್ಲ. ಸರ ಕಿತ್ತುಕೊಂಡು ಓಡಿದರೆ ಅದು ಸೆಕ್ಷನ್ 304, 3 ವರ್ಷದವರೆಗೆ ಜೈಲು. ಅಂಗಡಿಯ ಕೆಲಸದವನೇ ಮಾಲೀಕನ ಮಾಲು ಕದ್ದರೆ ಸೆಕ್ಷನ್ 306, 7 ವರ್ಷದವರೆಗೆ. ಮನೆಯಲ್ಲಾಗಲಿ, ಸಾಮಾನು ಇಡಲು ಬಳಸುವ ಕಟ್ಟಡದಲ್ಲಾಗಲಿ ಕದ್ದರೆ ಸೆಕ್ಷನ್ 305, ಅದಕ್ಕೂ 7 ವರ್ಷದವರೆಗೆ. ಹೀಗಾಗಿ ಮಾಲು ಅಂಗಡಿ ಮುಂದಿನಿಂದ ಹೋಯಿತೋ, ಬೀಗ ಹಾಕಿದ ಗೋಡೌನಿನಿಂದ ಹೋಯಿತೋ ಅನ್ನುವುದು ದೂರಿನಲ್ಲಿ ಸ್ಪಷ್ಟವಾಗಿ ಇರಬೇಕು. ಅದರ ಮೇಲೆ ಸೆಕ್ಷನ್ ಬದಲಾಗುತ್ತೆ, ಶಿಕ್ಷೆಯೂ ಬದಲಾಗುತ್ತೆ.

ಎರಡನೇ ಸಲ ಸಿಕ್ಕಿಬಿದ್ದರೆ?

ಇದು ಹೆಚ್ಚು ಜನಕ್ಕೆ ಗೊತ್ತಿಲ್ಲದ ಭಾಗ. ಅದೇ ಸೆಕ್ಷನ್ 303ರ ಅಡಿ ಎರಡನೇ ಸಲ ಶಿಕ್ಷೆಯಾದರೆ ಕನಿಷ್ಠ 1 ವರ್ಷ ಕಠಿಣ ಸಜೆ. ಗರಿಷ್ಠ 5 ವರ್ಷ, ಜೊತೆಗೆ ದಂಡ. ಮೊದಲ ಸಲ ಪೊರಕೆ, ಎರಡನೇ ಸಲ ಜೈಲಿನ ಬಾಗಿಲು. ಮಧ್ಯದಲ್ಲಿ ಇನ್ನೊಂದು ಮೆಟ್ಟಿಲಿಲ್ಲ.

ಆದರೆ 'ಎರಡನೇ ಸಲ' ಅಂದರೆ ಎರಡನೇ ಸಲ ಕದ್ದದ್ದಲ್ಲ, ಕೋರ್ಟ್‌ನಲ್ಲಿ ಎರಡನೇ ಸಲ ಶಿಕ್ಷೆಯಾದದ್ದು. ಹತ್ತು ಸಂತೆಯಲ್ಲಿ ಕದ್ದು, ಹತ್ತೂ ಕಡೆ ಏಟು ತಿಂದು ಬಿಡಿಸಿಕೊಂಡವನು ಕಾನೂನಿನ ಕಣ್ಣಿಗೆ ಇನ್ನೂ ಒಂದು ತಪ್ಪೂ ಮಾಡದವನು. ಹನ್ನೊಂದನೇ ಸಲ ಕೋರ್ಟ್‌ಗೆ ಬಂದರೂ ಅವನಿಗೆ ಸಿಗುವುದು ಮೊದಲ ಸಲದ ರಿಯಾಯಿತಿಯೇ. ಇನ್ನೊಂದು ಕಡೆ, ಬಡತನಕ್ಕೋ ಚಟಕ್ಕೋ ಒಮ್ಮೆ ಕೈ ಹಾಕಿದ ಹುಡುಗ ಏಟು ತಿಂದು ಕೈಕಾಲು ಮುರಿದುಕೊಂಡರೆ ಹೊಡೆದ ಅಂಗಡಿಯವರೇ ಆರೋಪಿಗಳಾಗುತ್ತಾರೆ.

ಎಫ್‌ಐಆರ್ ಅಲ್ಲ, ಎನ್‌ಸಿಆರ್

'ದೂರು ಕೊಟ್ಟರೂ ಪೊಲೀಸ್ರು ಕೇಸ್ ಮಾಡಲ್ಲ' ಅನ್ನೋದು ಇನ್ನೊಂದು ಮಾತು. ಇದಕ್ಕೆ ಕಾರಣ ಪ್ರತಿ ಸಲವೂ ಠಾಣೆಯ ಸೋಮಾರಿತನವಲ್ಲ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಈ ಕಳ್ಳತನವನ್ನು ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಅಸಂಜ್ಞೇಯ ಅಪರಾಧದ ಪಟ್ಟಿಗೆ ಹಾಕಿದೆ. ಅಂದರೆ ಮ್ಯಾಜಿಸ್ಟ್ರೇಟ್ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಠಾಣೆಯಲ್ಲಿ ಎನ್‌ಸಿಆರ್ ಬರೆದುಕೊಂಡು ದೂರುದಾರರನ್ನು ಮ್ಯಾಜಿಸ್ಟ್ರೇಟ್ ಬಳಿ ಹೋಗಲು ಹೇಳಬೇಕು. ಇಂಥ ಪ್ರಕರಣಗಳ ದಿನಚರಿ ವರದಿಯನ್ನು 15 ದಿನಕ್ಕೊಮ್ಮೆ ಮ್ಯಾಜಿಸ್ಟ್ರೇಟ್‌ಗೆ ಕಳುಹಿಸಬೇಕು ಅಂತಲೂ ಕಾನೂನಿನಲ್ಲಿದೆ.

ಅಂಗಡಿ ಬಾಗಿಲು ಹಾಕಿ ಕೋರ್ಟ್‌ಗೆ ಹೋದರೆ ಆ ದಿನದ ವ್ಯಾಪಾರ ಹೋಯಿತು. 600 ರೂಪಾಯಿ ಮಾಲಿಗೆ 2,000 ರೂಪಾಯಿ ವ್ಯಾಪಾರ ಕಳೆದುಕೊಳ್ಳೋರು ಯಾರು? ಹೀಗಾಗಿ ದೂರು ಬರಲ್ಲ, ಕೇಸ್ ಆಗಲ್ಲ, ಶಿಕ್ಷೆ ಆಗಲ್ಲ, 'ಮೊದಲ ಸಲ' ಮುಗಿಯುವುದೇ ಇಲ್ಲ.

ಕೆಲಸಕ್ಕೆ ಬಾರದಿದ್ದರೆ?

ಕೇಸ್ ಕೋರ್ಟ್ ತಲುಪಿ ಶಿಕ್ಷೆಯಾಯಿತು ಅಂತಲೇ ಇಟ್ಟುಕೊಳ್ಳಿ. ಸಮುದಾಯ ಸೇವೆ ಎಷ್ಟು ಗಂಟೆ, ಯಾವ ಕೆಲಸ, ಹಾಜರಿ ಯಾರು ಹಾಕಬೇಕು ಅಂತ ಸಂಹಿತೆಯಲ್ಲಿ ಎಲ್ಲೂ ಬರೆದಿಲ್ಲ. ಅದನ್ನು ಆಯಾ ಮ್ಯಾಜಿಸ್ಟ್ರೇಟ್ ಆದೇಶಕ್ಕೇ ಬಿಟ್ಟಿದೆ.

ಕೆಲಸ ತಪ್ಪಿಸಿದವನಿಗೆ ಶಿಕ್ಷೆ ಮಾತ್ರ ಇದೆ. ದಂಡ ಕಟ್ಟದಿದ್ದರೆ ಹೇಗೆ ಸಜೆಯೋ, ಸಮುದಾಯ ಸೇವೆ ತಪ್ಪಿಸಿದರೂ ಹಾಗೇ ಸಾದಾ ಸಜೆ ಅಂತ ಬಿಎನ್‌ಎಸ್ ಸೆಕ್ಷನ್ 8 ಹೇಳುತ್ತೆ. ಆದರೆ ಅವನು ಬಂದಿಲ್ಲ ಅಂತ ಕೋರ್ಟ್‌ಗೆ ಹೇಳೋದು ಯಾರು? ಪುರಸಭೆಯ ಹೆಲ್ತ್ ಇನ್‌ಸ್ಪೆಕ್ಟರಾ, ತಾಲ್ಲೂಕು ಆಸ್ಪತ್ರೆಯ ಗುಮಾಸ್ತರಾ, ಠಾಣೆಯ ಕೋರ್ಟ್ ಡ್ಯೂಟಿ ಕಾನ್‌ಸ್ಟೆಬಲ್ಲಾ? ಹಾಜರಿ ಪುಸ್ತಕವೇ ಇಲ್ಲದಿದ್ದರೆ ಬಂದವನಿಗೂ ಬಾರದವನಿಗೂ ವ್ಯತ್ಯಾಸ ಇರಲ್ಲ.

ಇಂಗ್ಲೆಂಡ್‌ನಲ್ಲಿ ಈ ಪದ್ಧತಿ 1970ರ ದಶಕದಿಂದ ಇದೆ. ಅಲ್ಲಿ ಕೋರ್ಟ್ 40ರಿಂದ 300 ಗಂಟೆಯ ಸಂಬಳವಿಲ್ಲದ ಕೆಲಸ ಅಂತ ಲೆಕ್ಕ ಹಾಕಿ ಕೊಡುತ್ತೆ. ಕಾರಣವಿಲ್ಲದೆ ಒಮ್ಮೆ ತಪ್ಪಿಸಿದರೆ ಎಚ್ಚರಿಕೆ, 12 ತಿಂಗಳೊಳಗೆ ಮತ್ತೆ ತಪ್ಪಿಸಿದರೆ ಪ್ರಕರಣ ವಾಪಸ್ ಕೋರ್ಟ್‌ಗೆ. ಅಲ್ಲಿನ ನ್ಯಾಯ ಸಚಿವಾಲಯ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಮುದಾಯದಲ್ಲೇ ಇಟ್ಟು ಶಿಕ್ಷೆ ಕೊಟ್ಟವರಿಗಿಂತ ಒಂದು ವರ್ಷಕ್ಕಿಂತ ಕಡಿಮೆ ಅವಧಿಗೆ ಜೈಲಿಗೆ ಹೋಗಿ ಬಂದವರ ಮರು ಅಪರಾಧದ ಪ್ರಮಾಣ 4 ಶೇಕಡಾ ಅಂಶದಷ್ಟು ಹೆಚ್ಚಿತ್ತು. ವ್ಯತ್ಯಾಸ ಸಣ್ಣದು. ಆದರೂ 'ಜೈಲಿಗೆ ಹಾಕಿದ್ರೆ ಬುದ್ಧಿ ಬರುತ್ತೆ' ಅನ್ನೋ ನಂಬಿಕೆಗೆ ಅದು ಉಲ್ಟಾ ದಿಕ್ಕಿನಲ್ಲಿದೆ. ಅದು ಗಂಟೆ ಲೆಕ್ಕ, ಮೇಲ್ವಿಚಾರಕರು ಇದ್ದ ಕಡೆಯ ಫಲ ಅನ್ನುವುದನ್ನೂ ಮರೆಯುವಂತಿಲ್ಲ.

ಹಳೇ ಕಾನೂನು, 50 ರೂಪಾಯಿ ದಂಡ

ಜೈಲಿನ ಹೊರಗಿಟ್ಟು ಸರಿಮಾಡುವ ಪ್ರಯತ್ನ ನಮ್ಮ ದೇಶಕ್ಕೂ ಹೊಸದಲ್ಲ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ, 3 ವರ್ಷದವರೆಗಿನ ಒಳ್ಳೆ ನಡತೆಯ ಬಾಂಡ್ ಬರೆಸಿಕೊಂಡು ಅಪರಾಧಿಯನ್ನು ಬಿಡಬಹುದು. ಅದಕ್ಕೆ ಪ್ರೊಬೇಷನ್ ಅಧಿಕಾರಿ ಇರುತ್ತಾರೆ. ನಿಗಾ ಇಡುವುದರ ಜೊತೆಗೆ, ಬೇಕಾದರೆ ಕೆಲಸ ಹುಡುಕಿಕೊಡಲು ಪ್ರಯತ್ನಿಸುವುದೂ ಅವರ ಕರ್ತವ್ಯ. ಬಾಂಡ್ ಷರತ್ತು ಮೊದಲ ಸಲ ಮುರಿದರೆ ಕೋರ್ಟ್ ಮೂಲ ಅಪರಾಧಕ್ಕೆ ಶಿಕ್ಷೆ ಕೊಡಬಹುದು, ಇಲ್ಲವೇ ಹೆಚ್ಚೆಂದರೆ 50 ರೂಪಾಯಿ ದಂಡ ಹಾಕಿ ಬಾಂಡ್ ಮುಂದುವರಿಸಬಹುದು. ಈಗ ಆ 50 ರೂಪಾಯಿ ಹೋಟೆಲಿನ ಒಂದು ಹೊತ್ತಿನ ತಿಂಡಿಯ ದುಡ್ಡು.

ಆದರೂ ಈ ಕಾಯ್ದೆಯಲ್ಲಿ ಪೇಟೆಗೆ ಬೇಕಾದ ಒಂದು ಅಂಶವಿದೆ. ಕುಡಿತ ಬಿಡಬೇಕು ಅನ್ನುವ ಷರತ್ತನ್ನೂ ಕೋರ್ಟ್ ಬಾಂಡ್‌ನಲ್ಲಿ ಹಾಕಬಹುದು. ಕುಡಿದು ಬಸ್ ಸ್ಟ್ಯಾಂಡ್‌ನಲ್ಲಿ ಗಲಾಟೆ ಮಾಡಿದವನಿಗೆ ಬಿಎನ್‌ಎಸ್ ಸೆಕ್ಷನ್ 355ರಲ್ಲಿ ಇರುವುದು 24 ಗಂಟೆವರೆಗೆ ಜೈಲು, 1,000 ರೂಪಾಯಿವರೆಗೆ ದಂಡ ಅಥವಾ ಸಮುದಾಯ ಸೇವೆ. ಹತ್ತನೇ ಸಲಕ್ಕೂ ಅಷ್ಟೇ. ಚಟಕ್ಕೆ ಚಿಕಿತ್ಸೆ ಸಿಗದೆ ಒಂದು ದಿನ ಚರಂಡಿ ಬಳಿಸಿದರೆ ಸಂಜೆ ಅವನು ಮತ್ತೆ ಬಾರ್ ಮುಂದೆಯೇ ಇರುತ್ತಾನೆ.

ತಾಲ್ಲೂಕು ಮಟ್ಟದಲ್ಲಿ ಆಗಬೇಕಾದ್ದು

ಇದಕ್ಕೆಲ್ಲ ದಿಲ್ಲಿಯಲ್ಲಿ ಕಾನೂನು ತಿದ್ದಬೇಕಿಲ್ಲ. ಪುರಸಭೆ, ತಾಲ್ಲೂಕು ಆಸ್ಪತ್ರೆ, ಗ್ರಾಮ ಪಂಚಾಯ್ತಿಗಳು ತಮ್ಮಲ್ಲಿ ಯಾವ ಕೆಲಸ ಕೊಡಬಹುದು, ಹಾಜರಿ ಯಾರು ಹಾಕುತ್ತಾರೆ ಅಂತ ಕೋರ್ಟ್‌ಗೆ ಮೊದಲೇ ತಿಳಿಸಿದರೆ ಆದೇಶ ಬರೆಯುವಾಗ ಗಂಟೆ, ಜಾಗ, ಜವಾಬ್ದಾರಿ ಮೂರನ್ನೂ ನಮೂದಿಸಲು ಅನುಕೂಲ. ವಾರಕ್ಕೊಮ್ಮೆ ಆ ಹಾಜರಿ ಕೋರ್ಟ್‌ಗೆ ಹೋದರೆ ತಪ್ಪಿಸಿಕೊಂಡವನು ಯಾರು ಅಂತ ಗೊತ್ತಾಗುತ್ತೆ.

ವರ್ತಕರ ಸಂಘಕ್ಕೂ ಒಂದು ಕೆಲಸವಿದೆ. ಒಬ್ಬೊಬ್ಬರೇ ಕೋರ್ಟ್ ಅಲೆಯುವುದು ಕಷ್ಟ, ನಿಜ. ಸಂಘವೇ ಒಬ್ಬ ವಕೀಲರನ್ನು ಗೊತ್ತು ಮಾಡಿಕೊಂಡು, ಸಣ್ಣ ಕಳ್ಳತನದ ದೂರುಗಳನ್ನು ಬಿಲ್ಲು, ಸಿಸಿಟಿವಿ ದೃಶ್ಯದ ಸಮೇತ ಮ್ಯಾಜಿಸ್ಟ್ರೇಟ್ ಮುಂದೆ ಇಡಿಸಿದರೆ ಖರ್ಚೂ ಹಂಚಿಹೋಗುತ್ತೆ. 20,000 ರೂಪಾಯಿ ಮೀರದ ಕಳ್ಳತನವನ್ನು ಸಂಕ್ಷಿಪ್ತ ವಿಚಾರಣೆಯಲ್ಲೇ ಮುಗಿಸಲು ಬಿಎನ್‌ಎಸ್‌ಎಸ್ ಅವಕಾಶ ಕೊಟ್ಟಿದೆ.

ಠಾಣೆಯಲ್ಲಿ ಕೊಟ್ಟ ದೂರಿಗೆ ಎನ್‌ಸಿಆರ್ ಪ್ರತಿ ಕೇಳಿ ಇಟ್ಟುಕೊಳ್ಳಲು ಮಾತ್ರ ಮರೆಯಬಾರದು. ಇವತ್ತಿನ ದೂರು ಶಿಕ್ಷೆಯವರೆಗೆ ಹೋದರಷ್ಟೇ, ಮುಂದೆ ಅದೇ ಮನುಷ್ಯ ಇನ್ನೊಂದು ತಾಲ್ಲೂಕಿನ ಕೋರ್ಟ್‌ನಲ್ಲಿ 'ಇದೇ ಮೊದಲ ಸಲ ಸ್ವಾಮಿ' ಅನ್ನುವಾಗ ಹೌದೋ ಅಲ್ಲವೋ ಅಂತ ನೋಡಲು ಒಂದು ದಾಖಲೆ ಇರುತ್ತೆ.