ಪೇಟೆಂಟ್ ಒಂದೇ ಬಂಡವಾಳವಲ್ಲ

'ಪೇಟೆಂಟ್ ಪಡೆದ ತಂತ್ರಜ್ಞಾನ' ಎಂಬ ಮಾತು ಕಿವಿಗೆ ಬಿದ್ದೊಡನೆ ಉಳಿತಾಯದ ಹಣವನ್ನು ಷೇರಿಗೆ ಹಾಕುವ ಉತ್ಸಾಹ ನಮ್ಮಲ್ಲಿ ಅನೇಕರಿಗಿದೆ. ಹಾರ್ಡ್ ಡಿಸ್ಕಿನ ಚರಿತ್ರೆಯನ್ನು ನೋಡಿದರೆ ಈ ಉತ್ಸಾಹಕ್ಕೆ ತುಸು ಕಡಿವಾಣ ಅಗತ್ಯವೆನಿಸುತ್ತದೆ.

1988ರಲ್ಲಿ ಫ್ರಾನ್ಸಿನ ಆಲ್ಬರ್ಟ್ ಫೆರ್ಟ್ ಹಾಗೂ ಜರ್ಮನಿಯ ಪೀಟರ್ ಗ್ರುನ್‌ಬರ್ಗ್ ತಂಡಗಳು ಬೇರೆ ಬೇರೆಯಾಗಿ, ತೆಳು ಲೋಹಪದರಗಳ ವಿದ್ಯುತ್ ರೋಧವು ಕಾಂತಕ್ಷೇತ್ರದಲ್ಲಿ ಬಹಳವಾಗಿ ಬದಲಾಗುವುದನ್ನು ಕಂಡವು. ಗ್ರುನ್‌ಬರ್ಗ್ ಅವರ ಸಂಶೋಧನಾ ಕೇಂದ್ರವು ಪೇಟೆಂಟ್ ಪಡೆದು ಪರವಾನಗಿ ಶುಲ್ಕ ಗಳಿಸಿತು. ಆದರೆ ಆ ತತ್ತ್ವವನ್ನು 1997ರಲ್ಲಿ ಹಾರ್ಡ್ ಡಿಸ್ಕಿಗೆ ಅಳವಡಿಸಿ ಮಾರುಕಟ್ಟೆಗೆ ತಂದದ್ದು ಐಬಿಎಂ. ಸೋಜಿಗವೆಂದರೆ, ಅದೇ ಐಬಿಎಂ 2002ರಲ್ಲಿ ತನ್ನ ಡಿಸ್ಕ್ ಉದ್ಯಮವನ್ನು ಹಿಟಾಚಿಗೆ ಮಾರಲು ಒಪ್ಪಿತು. ಶೋಧಕರಿಬ್ಬರಿಗೂ 2007ರಲ್ಲಿ ನೊಬೆಲ್ ಸಂದಿತು. ಕೀರ್ತಿ, ಶುಲ್ಕ, ಲಾಭ ಒಂದೇ ಮನೆಗೆ ಹೋಗಲಿಲ್ಲ.

ಇನ್ನೊಂದು ನಿದರ್ಶನ ಅಮೆರಿಕದ್ದು. ಡಿಸ್ಕಿನಿಂದ ದತ್ತಾಂಶ ಓದುವ ವಿಧಾನದ ಪೇಟೆಂಟಿಗಾಗಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯವು ಮಾರ್ವೆಲ್ ಸಂಸ್ಥೆಯ ಮೇಲೆ 2009ರಲ್ಲಿ ದಾವೆ ಹೂಡಿತು. 2012ರಲ್ಲಿ ಜ್ಯೂರಿ 117 ಕೋಟಿ ಡಾಲರ್ ಪರಿಹಾರ ಹೇಳಿತು. 2016ರಲ್ಲಿ 75 ಕೋಟಿಗೆ ರಾಜಿಯಾಯಿತು. ಮೊತ್ತ ದೊಡ್ಡದು, ಆದರೆ ಕಾಯ್ದದ್ದು ಏಳು ವರ್ಷ. ವಿಶ್ವವಿದ್ಯಾಲಯ ಕಾಯಬಲ್ಲದು, ಮಗಳ ಮದುವೆಗೆ ಕೂಡಿಟ್ಟ ಹಣ ಕಾಯಲಾರದು.

ಇಂದು ಹಾರ್ಡ್ ಡಿಸ್ಕ್ ತಯಾರಿಸುವ ದೊಡ್ಡ ಸಂಸ್ಥೆಗಳು ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ ಎಂಬ ಮೂರೇ. ಹೊಸ ಪೇಟೆಂಟಿಗೆ ಗಿರಾಕಿಗಳೂ ವಿರಳ. ಆದುದರಿಂದ ಪೇಟೆಂಟಿನ ಅವಧಿ ಎಷ್ಟು ಉಳಿದಿದೆ, ಶುಲ್ಕ ಕೊಡುವವರು ಯಾರು ಎಂಬುದನ್ನು ಮೊದಲು ವಿಚಾರಿಸೋಣ. ಇಲ್ಲವಾದರೆ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತಾದೀತು.